ದೊಡ್ಡಮ್ಮ ಓದಿದ ಯುದ್ಧಗಳು

ನನ್ನ ಅಮ್ಮನ ಅಕ್ಕ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಊರಿನ ಅರ್ಧದಷ್ಟು ಜನ ಈ ಲೋಕಕ್ಕೆ ಬಂದು ಮೊದಲು ಕಂಡ ಮುಖ ಅವಳದೇ. ದೊಡ್ಡಮ್ಮನ ಜೊತೆ ಪೇಟೆಗೆ ಹೋಗುವುದೆಂದರೆ ನನಗೆ ಸಾಕುಸಾಕಾಗುತ್ತಿತ್ತು. ಒಂದು ಸೋಪು ತರಲು ಹೊರಟರೂ ದಾರಿಯಲ್ಲಿ ಯಾರಾದರೂ ಹಿಡಿದು ನಿಲ್ಲಿಸುತ್ತಿದ್ದರು. ಮೀಸೆ ಚಿಗುರುತ್ತಿರುವ ಮಗನನ್ನು ಮುಂದಕ್ಕೆ ತಳ್ಳಿ, ಕಾಲು ಮುಂದಾಗಿ ಬಂದವನು ಇವನೇ ಸಿಸ್ಟರ್, ಎಂದು ತೋರಿಸುತ್ತಿದ್ದರು. ಅವನು ನಾಚಿ ನೆಲ ನೋಡುತ್ತಿದ್ದ. ದೊಡ್ಡಮ್ಮ ಅವನ ಬೆನ್ನು ತಟ್ಟಿ, ಈಗಲಾದರೂ ತಲೆ ಮುಂದಿಟ್ಟು ನಡೆಯುತ್ತಿದ್ದೀಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು.

ಅವಳ ಬಟ್ಟೆಯ ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಯಾವಾಗಲೂ ಒಂದು ಪುಸ್ತಕ ಇರುತ್ತಿತ್ತು. ಅದು ಯಾವಾಗಲೂ ಯುದ್ಧದ ಪುಸ್ತಕವೇ. ರಟ್ಟಿನ ಮೇಲೆ ಟ್ಯಾಂಕು, ಮುರಿದ ಸೇತುವೆ, ಹೊಗೆ, ಇಲ್ಲವೆ ಬೆನ್ನು ತೋರಿಸಿ ನಡೆದು ಹೋಗುವ ಸಿಪಾಯಿಗಳ ಸಾಲು. ಬೇರೆ ನರ್ಸ್‌ಗಳು ಊಟದ ಹೊತ್ತಿನಲ್ಲಿ ಸ್ವೆಟರ್ ಹೆಣೆಯುತ್ತಲೋ ಅತ್ತೆಯರನ್ನು ಬಯ್ಯುತ್ತಲೋ ಕೂತಿದ್ದರೆ ಇವಳು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಯಾವುದೋ ದೇಶದ ಸೈನ್ಯದ ಜೊತೆ ನದಿ ದಾಟುತ್ತಿದ್ದಳು. ನನ್ನ ಅಮ್ಮನಿಗೆ ಇದು ಒಂಚೂರೂ ಹಿಡಿಸುತ್ತಿರಲಿಲ್ಲ. ಬೆಳಗ್ಗೆಯಿಂದ ಜೀವ ತರುವ ಕೆಲಸ ಮಾಡಿ, ಮನೆಗೆ ಬಂದು ಹೆಣ ಎಣಿಸುತ್ತಾ ಕೂರುತ್ತೀಯಲ್ಲ ಎಂದು ಗೊಣಗುತ್ತಿದ್ದಳು.

"ಹೆಣ ಎಣಿಸೋರು ಬೇರೆ ಇದಾರೆ ಕಣೇ," ಎನ್ನುತ್ತಿದ್ದಳು ದೊಡ್ಡಮ್ಮ. "ನಾನು ಉಳಿದವರನ್ನ ಹುಡುಕ್ತಿರ್ತೀನಿ."

ಈ ಗೀಳು ಹತ್ತಿದ್ದು ಅವಳಿಗೆ ಮೂವತ್ತು ದಾಟಿದ ಮೇಲೆ. ಅಷ್ಟು ಹೊತ್ತಿಗೆ ತಾತ ಹಾಸಿಗೆ ಹಿಡಿದಿದ್ದರು, ನನ್ನ ಅಮ್ಮ ಇನ್ನೂ ಓದುತ್ತಿದ್ದಳು, ಮನೆಯ ನೊಗ ಪೂರ್ತಿ ದೊಡ್ಡಮ್ಮನ ಹೆಗಲ ಮೇಲಿತ್ತು. ಮದುವೆಯ ಮಾತೆತ್ತಿಕೊಂಡು ಯಾರಾದರೂ ಬಂದಾಗೆಲ್ಲ ವಾರ್ಡಿಗೆ ಯಾವುದೋ ಅವಸರದ ಹೆರಿಗೆ ಬಂದುಬಿಡುತ್ತಿತ್ತು ಎಂದು ಅವಳೇ ಆಮೇಲೆ ನಗೆಯಾಡುತ್ತಿದ್ದಳು. ಅದರಲ್ಲಿ ನಿಜವೆಷ್ಟೋ, ಅವಳೇ ಕಟ್ಟಿದ್ದು ಎಷ್ಟೋ, ನಾನು ಕೆದಕಲು ಹೋಗಲಿಲ್ಲ.

ವಾರ್ಡಿನ ಹೊರಗೆ ಗಂಡಂದಿರು ಕಾಯುವುದಕ್ಕೆಂದು ಒಂದು ಉದ್ದನೆಯ ಬೆಂಚಿತ್ತು. ಮಗು ಹುಟ್ಟಿದ ಸುದ್ದಿ ಕಿವಿಗೆ ಬಿದ್ದೊಡನೆ ಅವರಿಗೆ ಮೈಮೇಲೆ ಪ್ರಜ್ಞೆ ಇರುತ್ತಿರಲಿಲ್ಲ. ಕೊಡೆ, ಕನ್ನಡಕ, ಹೊಸ ಚಪ್ಪಲಿ, ಎಲ್ಲ ಅಲ್ಲೇ ಬಿಟ್ಟು ಓಡುತ್ತಿದ್ದರು. ಒಬ್ಬಾತ ತನ್ನ ಅತ್ತೆಯನ್ನೇ ಬೆಂಚಿನ ಮೇಲೆ ಮರೆತು ಮನೆಗೆ ಹೋಗಿದ್ದನಂತೆ. ಹಾಗೆ ಯಾರೋ ಬಿಟ್ಟು ಹೋದ ಒಂದು ದಪ್ಪ ಪುಸ್ತಕ ದೊಡ್ಡಮ್ಮನ ಕೈಗೆ ಸಿಕ್ಕಿತು. ಹಿಂದೆಂದೋ ದೂರದ ಒಂದು ಪಟ್ಟಣವನ್ನು ಶತ್ರುಗಳು ಚಳಿಗಾಲವಿಡೀ ಮುತ್ತಿಗೆ ಹಾಕಿ ಕೂತಿದ್ದ ಚರಿತ್ರೆ ಅದು. ಪುಸ್ತಕದವನು ಬಂದು ಕೇಳಿದರೆ ಕೊಡೋಣವೆಂದು ಎತ್ತಿಟ್ಟಳು. ಅವನು ಬರಲಿಲ್ಲ. ಬಿಡುವು ಸಿಕ್ಕಾಗ ಸುಮ್ಮನೆ ತಿರುವಿ ಹಾಕತೊಡಗಿದಳು. ಫಿರಂಗಿಗಳ ಅಳತೆ, ಕುದುರೆಗಳ ಲೆಕ್ಕ, ಸೇನಾಪತಿಗಳ ಜಗಳ, ಅವಳಿಗೇನೂ ಮನಸ್ಸಿಗೆ ಹತ್ತಲಿಲ್ಲ. ಆದರೆ ಒಂದು ಪುಟದ ಮಧ್ಯದಲ್ಲಿ, ಆ ಚಳಿಗಾಲದಲ್ಲಿ ಪಟ್ಟಣದ ನೆಲಮಾಳಿಗೆಗಳಲ್ಲಿ ಹಲವಾರು ಮಕ್ಕಳು ಹುಟ್ಟಿದವು ಎಂಬ ಒಂದೇ ಒಂದು ಸಾಲಿತ್ತು. ಮುಂದಿನ ಸಾಲಿನಲ್ಲಿ ಚರಿತ್ರೆಕಾರ ಮತ್ತೆ ಫಿರಂಗಿಗೆ ಹೋಗಿದ್ದ.

ದೊಡ್ಡಮ್ಮನಿಗೆ ಆ ಸಾಲು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಯಿತು. ರೊಟ್ಟಿ ಸುಡುವುದಕ್ಕೇ ಸೌದೆಯಿಲ್ಲದ ಊರಿನಲ್ಲಿ ಬಿಸಿನೀರು ಕಾಯಿಸಿದವರು ಯಾರು? ನೆಲಮಾಳಿಗೆಯಲ್ಲಿ ಬೆಳಕು ಎಲ್ಲಿಂದ ಬಂತು? ಹೊಕ್ಕುಳಬಳ್ಳಿ ಕತ್ತರಿಸಿದ್ದು ಯಾವುದರಿಂದ? ಗುಂಡು ಬಿದ್ದು ಮನೆ ಅದುರಿದಾಗ ತಾಯಿಯ ಕೈ ಹಿಡಿದುಕೊಂಡಿದ್ದವರು ಯಾರು? ಕುದುರೆಗಳನ್ನು ಎಣಿಸಿದವನಿಗೆ ಇದೇಕೆ ತೋಚಲಿಲ್ಲ ಎಂದು ಅವಳಿಗೆ ಸಿಟ್ಟೂ ಬಂತು. ಒಂದು ಸಂಜೆ ಡ್ಯೂಟಿ ಮುಗಿಸಿ ನೇರ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಳು.

ಗ್ರಂಥಾಲಯ ಇದ್ದದ್ದು ಅಗ್ನಿಶಾಮಕ ದಳದ ಕಟ್ಟಡದ ಮೇಲಂತಸ್ತಿನಲ್ಲಿ. ಕೆಳಗೆ ಕೆಂಪು ಲಾರಿಗಳು, ಮೇಲೆ ಪುಸ್ತಕಗಳು. ಗಂಟೆ ಹೊಡೆದರೆ ಓದುತ್ತಿದ್ದವರೆಲ್ಲ ತಾವು ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಲಾರಿ ಬೀದಿ ದಾಟುವವರೆಗೆ ಕಾಯುತ್ತಿದ್ದರು. ಕೌಂಟರಿನಲ್ಲಿ ಕೂರುತ್ತಿದ್ದವರು ತೆಳ್ಳಗೆ ಎತ್ತರಕ್ಕಿದ್ದ, ಮಾತು ಕಡಮೆಯ ಒಬ್ಬ ಲೈಬ್ರರಿಯನ್. ತಾರೀಕಿನ ಠಸ್ಸೆಯನ್ನು ಅಷ್ಟು ಮೆತ್ತಗೆ, ಮಲಗಿದ ಮಗುವಿನ ಹಣೆಗೆ ಬೊಟ್ಟಿಡುವ ಹಾಗೆ ಒತ್ತುತ್ತಿದ್ದರು. ಮುಂದೆ ನಾವು ಮಕ್ಕಳು ಅವರನ್ನು ಠಸ್ಸೆ ಮಾಮ ಎಂದು ಕರೆಯುತ್ತಿದ್ದೆವು. ದೊಡ್ಡಮ್ಮ ತನ್ನ ಪ್ರಶ್ನೆಗಳನ್ನೆಲ್ಲ ಅವರ ಮುಂದೆ ಸುರಿದಳು. ಅವರು ತಲೆ ತಗ್ಗಿಸಿಯೇ ಕೇಳಿದರು. ಎದ್ದು ಹೋಗಿ ಕಥೆ-ಕಾದಂಬರಿಗಳ ಕಪಾಟಿನಿಂದ ಒಂದು ಪುಸ್ತಕ ತಂದರು. ಅದೇ ಊರಿನ ಅದೇ ಮುತ್ತಿಗೆಯ ಮೇಲಿನ ಕಾದಂಬರಿ ಇದು, ಇದರಲ್ಲಿ ಇದ್ದರೂ ಇರಬಹುದು, ಎಂದರು.

ಇತ್ತು. ವಯಸ್ಸಾದ ಒಬ್ಬ ಸೂಲಗಿತ್ತಿ ನೆಲಮಾಳಿಗೆಗೆ ಇಳಿದು ಬರುತ್ತಾಳೆ. ಮನೆಯಲ್ಲಿ ಉಳಿದಿದ್ದ ಒಂದೇ ಕುರ್ಚಿಯ ಕಾಲುಗಳನ್ನು ಒಂದೊಂದಾಗಿ ಮುರಿದು ಒಲೆಗೆ ಹಾಕಿ ನೀರು ಕಾಯಿಸುತ್ತಾಳೆ. ಕಿಟಕಿಯ ಪರದೆ ಹರಿದು ಮಗುವಿಗೆ ಸುತ್ತುತ್ತಾಳೆ. ಮೇಲೆ ಗುಂಡು ಸಿಡಿದಾಗ ಬೆಚ್ಚಿಬಿದ್ದ ತಾಯಿಗೆ, ಅದು ಹೊರಗಿನವರ ಕೆಲಸ, ನಮ್ಮ ಕೆಲಸ ಇಲ್ಲಿದೆ, ಎನ್ನುತ್ತಾಳೆ. ನಾಲ್ಕೇ ಪುಟ. ದೊಡ್ಡಮ್ಮ ಅದನ್ನು ಬಸ್ಸಿನಲ್ಲಿ ಓದಿ ಅತ್ತುಬಿಟ್ಟಳು. ಪಕ್ಕದ ಸೀಟಿನ ಹೆಂಗಸು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ತನ್ನ ಕರವಸ್ತ್ರ ಕೊಟ್ಟಳಂತೆ.

ಪುಸ್ತಕ ಹಿಂದಿರುಗಿಸುವಾಗ ಅವಳು ಲೈಬ್ರರಿಯನ್‌ಗೆ ಹೇಳಿದಳು: "ಚರಿತ್ರೆ ಒಂದೇ ಸಾಲು ಕೊಡ್ತು, ಕಾದಂಬರಿ ನಾಲ್ಕು ಪುಟ ಕೊಡ್ತು. ಆದ್ರೆ ನೋಡಿ, ಆ ಒಂದು ಸಾಲು ಇಲ್ದೇ ಇದ್ದಿದ್ರೆ ಈ ನಾಲ್ಕು ಪುಟಾನ ನಾನು ಬರೀ ಕಥೆ ಅಂದ್ಕೊಂಡು ಬಿಡ್ತಿದ್ದೆ."

ಅಲ್ಲಿಂದ ಮುಂದೆ ಅವಳು ಪುಸ್ತಕಗಳನ್ನು ಜೋಡಿಯಾಗಿಯೇ ಒಯ್ಯುತ್ತಿದ್ದಳು. ಒಂದು ಯುದ್ಧಕ್ಕೆ ಒಂದು ನಿಜದ ಪುಸ್ತಕ, ಒಂದು ಕಟ್ಟುಕಥೆ. ಒಂಟಿ ಎತ್ತು ಕಟ್ಟಿದರೆ ಗಾಡಿ ಸುತ್ತು ಹೊಡೆಯುತ್ತದೆ, ಮುಂದೆ ಹೋಗುವುದಿಲ್ಲ ಎನ್ನುವುದು ಅವಳ ವಾದ. ಅವಳಿಗೆ ಅವಳದೇ ಅಭಿರುಚಿಯೂ ಬೆಳೆಯಿತು. ಹಸಿವೆಯಿಲ್ಲದ, ಕಾಲಿಗೆ ಬೊಬ್ಬೆ ಬರದ ವೀರರ ಕಥೆಗಳನ್ನು ಹತ್ತು ಪುಟಕ್ಕೇ ಮುಚ್ಚಿಡುತ್ತಿದ್ದಳು. ಇವನಿಗೆ ಬರೀ ಎದೆಯಿದೆ, ಹೊಟ್ಟೆಯೇ ಇಲ್ಲ ಎಂದು ಗೇಲಿ ಮಾಡುತ್ತಿದ್ದಳು. ಒದ್ದೆಯಾದ ಕಾಲುಚೀಲದ ಬಗ್ಗೆ ಬರೆದ ಲೇಖಕನನ್ನು ಕಣ್ಣುಮುಚ್ಚಿ ನಂಬುತ್ತಿದ್ದಳು. ಸೋತ ಸೇನಾಪತಿಯೊಬ್ಬ ತನ್ನ ನೆನಪುಗಳಲ್ಲಿ ಯಾರ ಮೇಲೂ ತಪ್ಪು ಹೊರಿಸದೆ, ಆ ಬೆಳಗ್ಗೆ ನನಗೆ ಎಚ್ಚರವಾಗಲಿಲ್ಲ ಎಂದು ಬರೆದಿದ್ದನ್ನು ಮನೆಯವರಿಗೆಲ್ಲ ಓದಿ ಹೇಳಿದಳು. ನಕಾಶೆಯ ಬಾಣಗಳು ಮಾತ್ರ ಅವಳಿಗೆ ಎಂದೂ ತಲೆಗೆ ಹತ್ತಲಿಲ್ಲ. ನಕಾಶೆ ಬಂದರೆ ಪುಟ ಮಗುಚುವುದೇ.

ಸಾವು ಬಂದರೆ ಮಾತ್ರ ಮಗುಚುತ್ತಿರಲಿಲ್ಲ. ಪುಸ್ತಕದಲ್ಲಿ ಒಬ್ಬ ಸಿಪಾಯಿ ಸತ್ತರೆ ಪುಟದ ನಡುವೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಿದ್ದಳು. ಏನು ಯೋಚಿಸುತ್ತಿದ್ದೀ ಎಂದು ನಾನು ಒಮ್ಮೆ ಕೇಳಿದೆ.

"ಇವನನ್ನೂ ಯಾರೋ ಒಬ್ಬಳು ಬಗ್ಗಿ ಎರಡು ಕೈಯಲ್ಲಿ ಎತ್ಕೊಂಡಿದ್ಲಲ್ಲ," ಎಂದಳು. "ಉಸಿರಾಡ್ತಿದಾನಾ ಅಂತ ನೋಡಿ, ಒರೆಸಿ, ಅವನಮ್ಮನ ಪಕ್ಕ ಮಲಗಿಸಿದ್ಲಲ್ಲ. ಅವಳಿಗೆ ಇದು ಗೊತ್ತಾಯ್ತೋ ಇಲ್ವೋ ಅಂತ."

ವರ್ಷಗಳು ಹೀಗೇ ಉರುಳಿದವು. ತಾತ ತೀರಿಕೊಂಡರು, ನನ್ನ ಅಮ್ಮನ ಮದುವೆಯಾಗಿ ನಾನು ಹುಟ್ಟಿ ದೊಡ್ಡವಳಾದೆ. ದೊಡ್ಡಮ್ಮ ಹೆಡ್ ಸಿಸ್ಟರ್ ಆದಳು, ಕೂದಲು ಬೆಳ್ಳಗಾಯಿತು. ಗ್ರಂಥಾಲಯದ ಮೆಟ್ಟಿಲು ಹತ್ತುವುದು ಮಾತ್ರ ನಿಲ್ಲಲಿಲ್ಲ. ಪುಸ್ತಕ ಹಿಂದಿರುಗಿಸುವಾಗೆಲ್ಲ ಅವಳು ಕೌಂಟರಿಗೆ ಮೊಣಕೈ ಊರಿ ಇಡೀ ಕಥೆಯನ್ನು ಹೇಳುತ್ತಿದ್ದಳು. ಹೇಸರಗತ್ತೆಗಳ ವೈದ್ಯ ಏನು ಮಾಡಿದ, ಸೆರೆಮನೆಯ ಅಡುಗೆಯವನು ಯಾರಿಗೆ ಸುಳ್ಳು ಹೇಳಿದ, ಯಾವ ಪುಸ್ತಕದಲ್ಲಿ ಕೊನೆಯ ಅಧ್ಯಾಯ ಹಳಸಿಹೋಗಿದೆ. ಲೈಬ್ರರಿಯನ್ ತಲೆ ತಗ್ಗಿಸಿ, ಠಸ್ಸೆ ಒತ್ತುತ್ತಾ, ಹೂಂಗುಟ್ಟುತ್ತಿದ್ದರು. ಯಾವ ಯುದ್ಧ ಕೇಳಿದರೂ ಕಪಾಟಿನ ಕಡೆ ನೋಡದೆಯೇ ಕೈ ಹಾಕಿ ಪುಸ್ತಕ ತೆಗೆದುಕೊಡುತ್ತಿದ್ದರಾದ್ದರಿಂದ, ಇವರು ಎಲ್ಲವನ್ನೂ ಅರೆದು ಕುಡಿದಿದ್ದಾರೆ ಎಂದೇ ಅವಳು ನಂಬಿದ್ದಳು.

ಒಂದು ದಿನ ಗುಡ್ಡಗಾಡಿನ ಗಡಿಯಲ್ಲಿ ನಡೆದ ಒಂದು ಯುದ್ಧದ ಬಗ್ಗೆ ಮಾತು ಬಂತು. ಅದು ಅವರಿಬ್ಬರ ಯೌವನದಲ್ಲೇ, ನಮ್ಮ ದೇಶದ್ದೇ ಸೈನ್ಯ ಹೋರಾಡಿದ ಯುದ್ಧ. ಚಳಿಗಾಲದಲ್ಲಿ ಸೈನ್ಯವನ್ನು ಬೆಟ್ಟದ ಮೇಲೆ ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ದೊಡ್ಡಮ್ಮ ಆವೇಶದಿಂದ ವಾದಿಸುತ್ತಿದ್ದಳು. ಮಾತಿನ ಮಧ್ಯೆ, ನೀವೇ ಹೇಳಿ, ನಿಮಗೆ ಏನನ್ನಿಸಿತು ಎಂದು ಕೇಳಿದಳು.

ಲೈಬ್ರರಿಯನ್ ಠಸ್ಸೆಯನ್ನು ಪಕ್ಕಕ್ಕಿಟ್ಟರು. "ನಾನು ಓದಿಲ್ಲ, ಸಿಸ್ಟರ್. ಆ ಕಪಾಟಿನ ಒಂದು ಪುಸ್ತಕವನ್ನೂ ಓದಿಲ್ಲ," ಎಂದರು.

ದೊಡ್ಡಮ್ಮ ತಮಾಷೆಯೆಂದು ನಕ್ಕಳು. ಅವರು ನಗಲಿಲ್ಲ. ಆಮೇಲೆ ಮೆಲ್ಲಗೆ, ಎದುರಿಗಿದ್ದ ಮೇಜಿಗೆ ಹೇಳುವವರ ಹಾಗೆ ಹೇಳಿದರು. ಅವರಿಗೆ ಒಬ್ಬನೇ ತಮ್ಮನಿದ್ದ. ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸ. ಅದೇ ಬೆಟ್ಟದ ಯುದ್ಧಕ್ಕೆ ಹೋದವನು ವಾಪಸ್ಸು ಬರಲಿಲ್ಲ. ಸತ್ತನೆಂದು ಯಾರೂ ಹೇಳಲಿಲ್ಲ, ಕಾಣೆಯಾದನೆಂದರು. ಅವರ ತಾಯಿ ಬಾಗಿಲ ಚಿಲಕ ಹಾಕಲು ಬಿಡದೆ ಕಾದು ಕಾದು ಕಣ್ಣುಮುಚ್ಚಿದರು. ಇವರು ಮದುವೆಯ ಗೋಜಿಗೆ ಹೋಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ, ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವಾಗಲೆಲ್ಲ ಯುದ್ಧದ ಪುಸ್ತಕಗಳನ್ನು ಹುಡುಕಿ ಹುಡುಕಿ ತರಿಸುತ್ತಿದ್ದರು. ಧೂಳು ಒರೆಸುತ್ತಿದ್ದರು, ಬೆನ್ನು ಕಿತ್ತರೆ ಅಂಟಿಸುತ್ತಿದ್ದರು. ತೆರೆದು ಓದುತ್ತಿರಲಿಲ್ಲ.

"ಯಾವುದಾದ್ರೂ ಪುಟದಲ್ಲಿ ಅವನು ಸಿಕ್ಕಿಬಿಟ್ರೆ ಅಂತ ಭಯ," ಎಂದರು. "ಎಲ್ಲಾ ಓದಿ ಮುಗಿಸಿ, ಎಲ್ಲೂ ಸಿಗದೇ ಹೋದ್ರೆ ಅಂತಾನೂ ಭಯ."

ದೊಡ್ಡಮ್ಮ ಕೌಂಟರಿನಿಂದ ಮೊಣಕೈ ತೆಗೆದಳು. ಆವತ್ತು ಪುಸ್ತಕವಿಲ್ಲದೆ ಮನೆಗೆ ಬಂದಳು. ನಾನು ನೋಡಿದ ಹಾಗೆ ಅದೊಂದೇ ಸಲ ಅವಳು ಎಷ್ಟೋ ದಿನ ಗ್ರಂಥಾಲಯದ ಕಡೆ ಮುಖ ಹಾಕಲಿಲ್ಲ. ಇಷ್ಟು ವರ್ಷ ಆ ಮನುಷ್ಯನ ಎದುರು ನಿಂತು ಕಡಲೆಕಾಯಿ ಸುಲಿದ ಹಾಗೆ ಯುದ್ಧದ ಕಥೆ ಸುಲಿದೆನಲ್ಲ, ಗಾಯದ ಮೇಲೆ ಉಪ್ಪು ಸವರಿದೆನಲ್ಲ ಎಂದು ಕೊರಗಿದಳು. ಅಮ್ಮ ಅವಳಿಗೆ ಚಹಾ ಮಾಡಿಕೊಟ್ಟು, ಅಷ್ಟೊಂದು ನೋವಾಗಿದ್ದರೆ ಅವರು ಅಷ್ಟು ವರ್ಷ ಕೂತು ಕೇಳುತ್ತಿದ್ದರೇ ಅಕ್ಕ, ಹೋಗಿ ನೀನೇ ಕೇಳು, ಎಂದಳು. ತನಗೆ ಕಂಡರಾಗದ ಪುಸ್ತಕಗಳ ಪರವಾಗಿ ಅಮ್ಮ ಆಡಿದ ಮೊದಲ ಮಾತು ಅದು.

ದೊಡ್ಡಮ್ಮ ಹೋದಳು. ತಪ್ಪಾಯಿತು, ಇನ್ನು ಮುಂದೆ ಬಾಯಿಮುಚ್ಚಿಕೊಂಡು ಪುಸ್ತಕ ತೆಗೆದುಕೊಂಡು ಹೋಗುತ್ತೇನೆ, ಎಂದಳು. ಲೈಬ್ರರಿಯನ್ ಗಾಬರಿಯಾದರು.

"ದಯವಿಟ್ಟು ಹಾಗ್ಮಾಡ್ಬೇಡಿ. ನೀವು ಹೇಳ್ತಿದ್ದಿದ್ರಿಂದ್ಲೇ ನಾನು ಅಷ್ಟಾದ್ರೂ ಓದಿದೀನಿ. ನೀವು ಬರದೇ ಇದ್ದಾಗ ಆ ಗೊರಸಿನ ಡಾಕ್ಟ್ರ ಕತೆ ಏನಾಯ್ತೋ ಅಂತ ಯೋಚಿಸ್ತಿದ್ದೆ."

ಹೇಸರಗತ್ತೆಗಳ ವೈದ್ಯನನ್ನು ಅವರು ತಮ್ಮೊಳಗೇ ಗೊರಸಿನ ಡಾಕ್ಟರು ಎಂದು ಕರೆಯುತ್ತಿದ್ದರು. ದೊಡ್ಡಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವನು ಬದುಕಿದ, ಮೂರು ಕಾಲಿನ ಒಂದು ಹೇಸರಗತ್ತೆಯನ್ನು ಕಟ್ಟಿಕೊಂಡು ಊರಿಗೆ ಹೋದ ಎಂದು ಹೇಳಿ ಮುಗಿಸಿದಳು. ಆಗ ಅವರು, ಬಹಳ ಸಂಕೋಚದಿಂದ, ಒಂದು ಮಾತು ಕೇಳಿದರು. ಇಷ್ಟು ಪುಸ್ತಕ ಓದಿದ್ದೀರಲ್ಲ, ಎಲ್ಲಾದರೂ ತಂತಿ ಎಳೆಯುವವನೊಬ್ಬ ಬಂದಿದ್ದಾನೆಯೇ?

ದೊಡ್ಡಮ್ಮ ಯೋಚಿಸಿದಳು. ಸಂಜೆಯ ಹೊತ್ತಿಗೆ ತಂತಿಗಳನ್ನು ಮತ್ತೆ ಜೋಡಿಸಲಾಯಿತು, ಇಂಥ ಸಾಲುಗಳು ಹಲವು ನೆನಪಾದವು. ಜೋಡಿಸಿದವರು ಯಾರೂ ನೆನಪಾಗಲಿಲ್ಲ. ಹುಡುಕುತ್ತೇನೆ ಎಂದಳು.

ಆ ಹುಡುಕಾಟದಲ್ಲಿ ಒಂದು ಬೇಸಗೆ ಕಳೆಯಿತು. ಓದಿದ ಪುಸ್ತಕಗಳನ್ನೇ ಮತ್ತೆ ಓದಿದಳು. ರಜೆಯ ದಿನ ಬಸ್ಸು ಹಿಡಿದು ಪಕ್ಕದ ಊರಿನ ಹಳೆಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿದಳು. ಸೀನುತ್ತಾ, ಮೂಗು ಒರೆಸುತ್ತಾ ಮನೆಗೆ ಬರುತ್ತಿದ್ದಳು. ಕಡೆಗೆ ಒಂದು ಜೋಡಿ ಸಿಕ್ಕಿತು. ಒಂದು, ಸೈನ್ಯದ ದೂರವಾಣಿ ವಿಭಾಗದಲ್ಲಿದ್ದ ನಿವೃತ್ತ ಅಧಿಕಾರಿಯೊಬ್ಬರ ನೆನಪುಗಳು; ಒಣ ರೊಟ್ಟಿಯಂಥ ಬರವಣಿಗೆ. ಇನ್ನೊಂದು ಒಂದು ಕಾದಂಬರಿ. ಎರಡೂ ಬೇರೆ ಯಾವುದೋ ಯುದ್ಧದವು, ತಮ್ಮ ಹೋದ ಬೆಟ್ಟದವಲ್ಲ. ಅದನ್ನು ದೊಡ್ಡಮ್ಮ ಮೊದಲೇ ಹೇಳಿಬಿಟ್ಟಳು. ಸುಳ್ಳು ಆಸೆ ಹುಟ್ಟಿಸುವುದು ಅವಳ ಕಸುಬಿನಲ್ಲೂ ಇರಲಿಲ್ಲ.

ಓದಿ ಹೇಳುವುದು ಅವಳು, ಕೇಳುವುದು ಅವರು ಎಂದು ಒಪ್ಪಂದವಾಯಿತು. ಮಧ್ಯಾಹ್ನ ಗ್ರಂಥಾಲಯದ ಬಾಗಿಲು ಮುಚ್ಚಿರುವ ಹೊತ್ತಿನಲ್ಲಿ, ಹಿಂದಿನ ಬಾಲ್ಕನಿಯಲ್ಲಿ ಎರಡು ಸ್ಟೂಲು. ಕೆಳಗೆ ಅಗ್ನಿಶಾಮಕದವರು ನೀರಿನ ಕೊಳವೆಗಳನ್ನು ಬಿಸಿಲಿಗೆ ಒಣಹಾಕುತ್ತಿದ್ದರು. ಮೊದಲು ಅಧಿಕಾರಿಯ ನೆನಪುಗಳು. ತಂತಿಯ ಉರುಳೆ ಎಷ್ಟು ಭಾರ, ಕಲ್ಲುನೆಲದಲ್ಲಿ ಅದನ್ನು ಹೂಳುವುದು ಹೇಗೆ, ಮೇಕೆಗಳು ಯಾಕೆ ಅದನ್ನೇ ಹುಡುಕಿ ಕಡಿಯುತ್ತವೆ. ಶತ್ರುಗಳಿಗಿಂತ ಹೆಚ್ಚಾಗಿ ನಮ್ಮ ಸಿಪಾಯಿಗಳೇ ತಂತಿ ಕತ್ತರಿಸಿ ಹಾಸಿಗೆ ಸುರುಳಿ ಕಟ್ಟಿಕೊಳ್ಳುತ್ತಿದ್ದರು ಎಂಬ ದೂರು ಬಂದಾಗ ಲೈಬ್ರರಿಯನ್ ಮೊದಲ ಸಲ ಮುಗುಳ್ನಕ್ಕರು. ಅವನ ಕೈಗಳು ದಿನವಿಡೀ ಏನು ಮಾಡುತ್ತಿದ್ದವು ಎಂದು ಈಗ ಗೊತ್ತಾಯಿತು, ಎಂದರು. ತಮ್ಮ ಎನ್ನಲಿಲ್ಲ, ಅವನು ಎಂದರು.

ಆಮೇಲೆ ಕಾದಂಬರಿ. ಅದರಲ್ಲಿ ಒಂದು ಅಧ್ಯಾಯದಲ್ಲಿ ಮಾತ್ರ ತಂತಿಯವನು ಬರುತ್ತಾನೆ. ಹಿಮ ಬೀಳುತ್ತಿರುವ ಬೆಳಗ್ಗೆ ಒಬ್ಬನೇ ತಂತಿಯ ಜಾಡು ಹಿಡಿದು ನಡೆದು, ತುಂಡಾದ ಜಾಗ ಹುಡುಕಿ, ಕೈಗವಸು ಬಿಚ್ಚಿ ಎರಡು ತುದಿ ಸೇರಿಸುತ್ತಾನೆ. ಸರಿಹೋಯಿತೇ ಎಂದು ನೋಡಲು ಫೋನು ಕಿವಿಗಿಟ್ಟರೆ, ಒಂದು ತುದಿಯಲ್ಲಿ ಯಾರೋ ಬೂಟುಗಳು ಬಂದವೇ ಎಂದು ಕೇಳುತ್ತಿದ್ದಾರೆ, ಇನ್ನೊಂದು ತುದಿಯಲ್ಲಿ ಯಾರೋ ಗುನುಗುತ್ತಿದ್ದಾರೆ. ಅವನು ತಕ್ಷಣ ಮಾತಾಡುವುದಿಲ್ಲ. ಮನುಷ್ಯರ ದನಿ ಕೇಳಿ ಎಷ್ಟೋ ಹೊತ್ತಾಗಿದೆ. ಸುಮ್ಮನೆ ಸ್ವಲ್ಪ ಕೇಳಿಸಿಕೊಳ್ಳುತ್ತಾನೆ. ಆಮೇಲೆ, ಲೈನು ಸರಿಯಿದೆ, ಎಂದು ಹೇಳಿ ಮುಂದಕ್ಕೆ ಹೋಗುತ್ತಾನೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

"ಆಮೇಲೆ?" ಎಂದರು ಲೈಬ್ರರಿಯನ್.

"ಆಮೇಲೆ ಅವನು ಬರೋದಿಲ್ಲ. ಕತೆ ಬೇರೆ ಕಡೆ ಹೋಗುತ್ತೆ."

"ಬರೆದವರು ಮರೆತುಬಿಟ್ರಾ?"

"ಮರೆತಿದ್ದಲ್ಲ ಅನ್ಸುತ್ತೆ," ಎಂದಳು ದೊಡ್ಡಮ್ಮ. "ಅವನು ಸತ್ತ ಅಂತ ಬರೆಯೋಕೆ ಕೈ ಬರ್ಲಿಲ್ಲವೇನೋ."

ಬರೆದವರು ಆ ಯುದ್ಧಕ್ಕೆ ಹೋಗಿದ್ದರೇ ಎಂದು ಲೈಬ್ರರಿಯನ್ ಕೇಳಿದರು. ಇಲ್ಲ, ಅದು ಮುಗಿದು ಎಷ್ಟೋ ವರ್ಷದ ಮೇಲೆ ಹುಟ್ಟಿದ ಹೆಂಗಸು ಆಕೆ, ಎಂದಳು. ಹಾಗಾದರೆ ಕಿವಿಗೆ ಫೋನಿಟ್ಟುಕೊಂಡು ಸುಮ್ಮನೆ ನಿಂತಿದ್ದು ಆಕೆಗೆ ಹೇಗೆ ಗೊತ್ತಾಯಿತು ಎನ್ನುವುದು ಅವರಿಗೆ ಬಗೆಹರಿಯಲಿಲ್ಲ. ನಿಜವಾಗಿ ನೋಡಿದವರಿಗೆ ಮಾತ್ರ ಗೊತ್ತಾಗುವಂಥದ್ದು ಅದು, ಎಂದರು.

"ನಾನು ಒಂದೂ ಹೆತ್ತಿಲ್ಲ," ಎಂದಳು ದೊಡ್ಡಮ್ಮ. "ಹೆರಿಗೆ ನೋವು ನನಗೆ ಗೊತ್ತಿಲ್ಲ ಅಂತೀರಾ? ಪಕ್ಕದಲ್ಲಿ ನಿಂತು ಮನಸಿಟ್ಟು ನೋಡಿದ್ರೆ, ಕೇಳಿದ್ರೆ, ಗೊತ್ತಾಗುತ್ತೆ."

ಅದಾದ ಮೇಲೆ ಅವರು ತಮ್ಮನ ಬಗ್ಗೆ ಮಾತಾಡಿದರು. ಅವನು ಸಣ್ಣವನಿದ್ದಾಗ ಬೆಂಕಿಪೊಟ್ಟಣಗಳಿಗೆ ದಾರ ಕಟ್ಟಿ ಫೋನು ಮಾಡಿದ್ದು, ಅಣ್ಣನನ್ನು ಹಿತ್ತಲಲ್ಲಿ ನಿಲ್ಲಿಸಿ ಒಳಗಿನಿಂದ ಅಪ್ಪನ ದನಿಯಲ್ಲಿ ಬಯ್ದದ್ದು, ಪಕ್ಕದ ಮನೆಯವರ ಜಗಳ ಕೇಳಲು ಗೋಡೆಗೆ ಲೋಟ ಇಟ್ಟು ಕೂರುತ್ತಿದ್ದದ್ದು. ಅವನೂ ಹಾಗೇ ನಿಂತು ಕದ್ದು ಕೇಳಿರುತ್ತಾನೆ, ಖಂಡಿತ ಕೇಳಿರುತ್ತಾನೆ, ಎಂದು ಹೇಳುತ್ತಾ ಅವರು ನಕ್ಕರು. ಮೂವತ್ತು ವರ್ಷ ಅವರ ಬಾಯಲ್ಲಿ ಅವನು ಕಾಣೆಯಾದವನು ಮಾತ್ರ ಆಗಿದ್ದ. ಈಗ ಮತ್ತೆ ತುಂಟನಾದ.

ಅವರು ಅವಳನ್ನು ಮದುವೆಗೆ ಕೇಳಿದ ರೀತಿಯನ್ನು ನಮ್ಮ ಮನೆಯಲ್ಲಿ ಈಗಲೂ ಹೇಳಿಕೊಂಡು ನಗುತ್ತೇವೆ. ನಿಮಗೆ ಮೊಣಕಾಲು ನೋವು ಜಾಸ್ತಿಯಾಗಿದೆ, ಈ ಮೆಟ್ಟಿಲು ಕಷ್ಟ, ನನ್ನ ಮನೆಗೆ ಮೆಟ್ಟಿಲಿಲ್ಲ, ಎಂದರಂತೆ. ದೊಡ್ಡಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಹಾಗಾದರೆ ಪುಸ್ತಕಗಳು ಹೇಗೆ ಬರುತ್ತವೆ ಎಂದು ಕೇಳಿದಳು. ಠಸ್ಸೆ ಹಾಕಿ ನಾನೇ ತರುತ್ತೇನೆ ಎಂದರು ಅವರು. ಇಬ್ಬರಿಗೂ ಐವತ್ತು ದಾಟಿತ್ತು. ಸುದ್ದಿ ಕೇಳಿ ಅಮ್ಮ ಮೊದಲು ಈ ವಯಸ್ಸಿಗಾ ಎಂದಳು, ಆಮೇಲೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಆಮೇಲೆ ಯಾವ ಸೀರೆ ಉಡಬೇಕೆಂದು ಜಗಳ ತೆಗೆದಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವಾಗ ಅಲ್ಲಿನ ಗುಮಾಸ್ತೆ ದೊಡ್ಡಮ್ಮನನ್ನು ಗುರುತಿಸಿ, ನನ್ನ ಇಬ್ಬರು ಮಕ್ಕಳೂ ನಿಮ್ಮ ಕೈಯಲ್ಲೇ, ಎಂದು ಎದ್ದು ನಿಂತಳು.

ಠಸ್ಸೆ ಮಾಮ ನನಗೆ ದೊಡ್ಡಪ್ಪನಾದರು. ಅವರು ದೊಡ್ಡಮ್ಮನನ್ನು ಸಿಸ್ಟರ್ ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ. ಮನೆಗೆ ಬಂದ ಹೊಸಬರು ಗಲಿಬಿಲಿಗೊಳ್ಳುತ್ತಿದ್ದರು.

ಮೊದಲ ವರ್ಷ ಅವರು ಕೇಳುತ್ತಲೇ ಇದ್ದರು. ಒಂದು ದಿನ, ಯಾರಿಗೂ ಹೇಳದೆ, ಆ ಕಪಾಟಿನ ಒಂದು ಪುಸ್ತಕವನ್ನು ತಮ್ಮ ಹೆಸರಿಗೆ ಪಡೆದು ಮನೆಗೆ ತಂದರು. ಕಟ್ಟೆ ಒಡೆದ ಹಾಗಾಯಿತು. ಕಾದಂಬರಿಗಳು ದೊಡ್ಡಮ್ಮನ ಪಾಲು, ಅವರಿಗೆ ಬೇಕಾದದ್ದು ನಿಜದ ಪುಸ್ತಕ. ಅದರಲ್ಲೂ ದೊಡ್ಡಮ್ಮ ಮಗುಚಿ ಹಾಕುತ್ತಿದ್ದ ನಕಾಶೆಗಳು. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಬೆಟ್ಟವಾಗುತ್ತಿತ್ತು, ಸೌಟು ನದಿಯಾಗುತ್ತಿತ್ತು. ಅವರಿಬ್ಬರ ವಾಗ್ವಾದ ಬೀದಿಗೆ ಕೇಳಿಸುತ್ತಿತ್ತು. ಅದನ್ನು ಸುಡಬಾರದಿತ್ತು ಎಂದು ಅವಳು, ಸುಡದೆ ಇನ್ನೇನು ಮಾಡಬೇಕಿತ್ತು ಎಂದು ಅವರು. ಅವರ ಮಾತು ಒಂದು ಸೇತುವೆಯ ಬಗ್ಗೆ. ಮರುದಿನ ಪಕ್ಕದ ಮನೆಯಾಕೆ, ನಿನ್ನೆ ಒಲೆಯ ಮೇಲೆ ಏನು ಸೀದುಹೋಯಿತು ಸಿಸ್ಟರ್, ಎಂದು ಕನಿಕರದಿಂದ ಕೇಳಿದಳು.

ಬೆಟ್ಟದ ಯುದ್ಧದ ಪುಸ್ತಕಗಳನ್ನು ದೊಡ್ಡಪ್ಪ ಕೊನೆಗೆ ಇಟ್ಟುಕೊಂಡಿದ್ದರು. ಅವನ್ನೂ ಓದಿದರು. ತಮ್ಮನ ಹೆಸರು ಯಾವುದರಲ್ಲೂ ಇರಲಿಲ್ಲ. ಇಬ್ಬರೂ ಅದನ್ನು ನಿರೀಕ್ಷಿಸಿದ್ದರು. ಕೊನೆಯದನ್ನು ಮುಗಿಸಿದ ಮೇಲೆ ಅವರು, ಒಮ್ಮೆ ಆ ಜಾಗ ನೋಡಬೇಕು, ನೀವು ಬರುತ್ತೀರಾ ಸಿಸ್ಟರ್, ಎಂದರು.

ರೈಲಿನಲ್ಲಿ ಹೋಗಿ, ಬಸ್ಸು ಹತ್ತಿ, ಕೊನೆಗೆ ಒಂದು ಜೀಪು ಮಾಡಿಕೊಂಡು ಹೋದರು. ಬೆಟ್ಟದ ತಪ್ಪಲಲ್ಲಿ ಆಲೂಗಡ್ಡೆ ಹೊಲಗಳು. ಮೇಲೆ ಹಿಂದಿರುಗದವರ ಹೆಸರು ಕೆತ್ತಿದ ಒಂದು ಗೋಡೆ. ದೊಡ್ಡಪ್ಪ ತಮ್ಮನ ಹೆಸರು ಹುಡುಕಿ, ಕನ್ನಡಕ ತೆಗೆದು ಹತ್ತಿರದಿಂದ ಓದಿ, ಅಕ್ಷರಗಳ ಮೇಲಿದ್ದ ಧೂಳನ್ನು ಕರವಸ್ತ್ರದಿಂದ ಒರೆಸಿದರು. ಅಳಲಿಲ್ಲ. ಇಳಿಜಾರಿನ ಅಂಚಿಗೆ ಬಂದು ನಿಂತು ಕೈ ಚಾಚಿ ದೊಡ್ಡಮ್ಮನಿಗೆ ವಿವರಿಸತೊಡಗಿದರು. ಅಲ್ಲಿ ನಮ್ಮವರ ಠಾಣೆ, ಆ ಬೆಟ್ಟದ ಏಣಿನ ಹಿಂದೆ ಅವರ ಫಿರಂಗಿ, ತಂತಿ ಈ ಹಳ್ಳದ ಪಕ್ಕವೇ ಇಳಿದಿರಬೇಕು, ಬೇರೆ ದಾರಿಯೇ ಇಲ್ಲ. ಇಷ್ಟು ವರ್ಷ ಓದಿಯೂ ತನಗೆ ತಿಳಿಯದ ನಕಾಶೆಯೆಲ್ಲ ಆವತ್ತು ಕಣ್ಣಿಗೆ ಕಟ್ಟಿತು ಎನ್ನುತ್ತಾಳೆ ದೊಡ್ಡಮ್ಮ. ಅವಳು ಹೂಂಗುಟ್ಟುತ್ತಾ ಕೇಳುತ್ತಿದ್ದಳು. ಗುಂಡು ಬಿದ್ದು ತಂತಿ ತುಂಡಾಗಿದ್ದು ಇಲ್ಲೇ ಎಲ್ಲೋ, ಸರಿಮಾಡಲು ಅವನು ಇಲ್ಲಿಂದ ಇಳಿದು, ಎಂದವರು ಅಲ್ಲಿಗೇ ನಿಂತುಬಿಟ್ಟರು. ಹಾಗೇ ಹುಲ್ಲಿನ ಮೇಲೆ ಕೂತರು.

ದೊಡ್ಡಮ್ಮ ಪಕ್ಕದಲ್ಲಿ ಮಂಡಿಯೂರಿದಳು. ಸೊಂಟದ ಮೇಲೆ, ಬೆನ್ನುಮೂಳೆಯ ಎರಡೂ ಪಕ್ಕ ಅಂಗೈಯೊತ್ತಿ ಉಜ್ಜತೊಡಗಿದಳು. ನೋವು ತಿನ್ನುವ ಹೆಂಗಸರಿಗೆ ಅವಳು ಜೀವನವಿಡೀ ಹಾಗೇ ಉಜ್ಜಿದ್ದಳು.

"ಬರ್ಲಿ," ಎಂದಳು. "ತಡೀಬೇಡಿ. ನಾನಿದೀನಿ."

ಅವರು ಅತ್ತರು. ಜೀಪಿನವನು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಇಳಿಯುವಾಗ ದೊಡ್ಡಪ್ಪ ಅವಳ ಹೆಗಲಿಗೆ ತಲೆಯಾನಿಸಿ ನಿದ್ದೆಹೋದರು. ಊರಿಗೆ ಬಂದ ಮೇಲೆ ಒಂದು ವಾರ ಅವರಿಗೆ ಒಳ್ಳೆಯ ಹಸಿವೆಯಂತೆ. ಅಮ್ಮ ಮಾಡಿ ಹಾಕಿ ಸುಸ್ತಾದಳು.

ಈಗ ಇಬ್ಬರೂ ನಿವೃತ್ತರು. ಹೋದ ತಿಂಗಳು ದೊಡ್ಡಮ್ಮನ ಕಣ್ಣಿನ ಪೊರೆ ತೆಗೆದರು, ಸ್ವಲ್ಪ ದಿನ ಓದಕೂಡದೆಂದು ಡಾಕ್ಟರು ಹೇಳಿದರು. ದೊಡ್ಡಪ್ಪ ಓದಿ ಹೇಳುತ್ತಾರೆ. ಅಡಿಟಿಪ್ಪಣಿಗಳನ್ನೂ ಬಿಡುವುದಿಲ್ಲ. ಅದನ್ನು ಹಾರಿಸಿ ಎಂದು ಅವಳು ಗೋಳಿಟ್ಟರೆ, ಸಣ್ಣ ಜನರೆಲ್ಲ ಸಿಗುವುದು ಅಲ್ಲೇ ಸಿಸ್ಟರ್, ಎಂದು ಮುಂದುವರಿಸುತ್ತಾರೆ. ಮೊನ್ನೆ ನಾನು ನೋಡಲು ಹೋದಾಗ ಕಾದಂಬರಿ ನಡೆಯುತ್ತಿತ್ತು. ಸೋತ ಸೈನ್ಯದಿಂದ ತಪ್ಪಿಸಿಕೊಂಡ ಇಬ್ಬರು ಸಿಪಾಯಿಗಳು ಮಳೆಯಲ್ಲಿ ನೆನೆದು ಒಂದು ಮನೆಯ ಬಾಗಿಲು ತಟ್ಟುತ್ತಿದ್ದಾರೆ, ಒಳಗೆ ಒಬ್ಬಳೇ ಹೆಂಗಸಿದ್ದಾಳೆ. ದೊಡ್ಡಮ್ಮ ನನ್ನ ಹೆಜ್ಜೆ ಸಪ್ಪಳ ಗುರುತಿಸಿ, ಕಪ್ಪು ಕನ್ನಡಕ ತೆಗೆಯದೆ, ಬಾಯಿಗೆ ಬೆರಳಿಟ್ಟು ಮಂಚದ ತುದಿಯನ್ನು ತೋರಿಸಿದಳು. ನಾನು ತಂದಿದ್ದ ಹಣ್ಣಿನ ಚೀಲವನ್ನು ನೆಲಕ್ಕಿಟ್ಟು ಕೂತೆ. ಬಸ್ಸಿಗೆ ಹೊತ್ತಾಗಿತ್ತು. ಆದರೂ ಆ ಹೆಂಗಸು ಬಾಗಿಲು ತೆಗೆದಳೋ ಇಲ್ಲವೋ ಎಂದು ತಿಳಿಯುವವರೆಗೆ ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ.